ಲೈಸೆನ್ಸ್ ಬೇಡದ ಕೋವಿ

ಸಾಗರದ ಕಡೆಯ ನೆಂಟರೊಬ್ಬರು ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಫೋನ್ ಮಾಡಿದ್ದರು. ಕುಶಲ ಸಮಾಚಾರವನ್ನು ಎರಡು ಮಾತಿನಲ್ಲಿ ಮುಗಿಸಿ, "ಕಡಿಮೆ ಬೆಲೆಗೆ ಒಳ್ಳೇ ಏರ್‌ಗನ್ ಯಾವುದು ಸಿಗ್ತದೆ ಹೇಳು" ಎಂದರು. ಕಾಲೇಜಿನ ದಿನಗಳಲ್ಲಿ ನಾನು ಹತ್ತು ಮೀಟರ್ ಏರ್ ರೈಫಲ್ ಹಿಡಿದು ಕಾಗದದ ಗುರಿಗೆ ಹೊಡೆಯುತ್ತಿದ್ದುದು ಅವರಿಗೆ ಗೊತ್ತು. ಯಾಕೆ ಬೇಕು ಎಂದೆ. ಅಟ್ಟದಲ್ಲಿ ಇಲಿ, ಕೊಟ್ಟಿಗೆಯಲ್ಲಿ ಹೆಗ್ಗಣ, ತೆಂಗಿನ ಮರದಲ್ಲಿ ಅಳಿಲು ಎಂದು ಶುರುಮಾಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಮಂಗ" ಎಂದರು. ಆ ಕೊನೆಯ ಎರಡು ಪದಗಳಿಗಾಗಿಯೇ ಫೋನ್ ಬಂದದ್ದು.

ಒಂದು ಮಾಡೆಲ್ ಹೆಸರು ಹೇಳಿ ಮಾತು ಮುಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಅವರ ತೋಟ ನೋಡಿದ್ದೇನೆ. ಬೆಳಗಿನ ತಿಂಡಿ ಮುಗಿಸಿ ತೋಟಕ್ಕೆ ಇಳಿದರೆ ನೆಲದ ತುಂಬ ಚೀಪಿ ಎಸೆದ ಅಡಿಕೆ ಮಿಳ್ಳೆ, ಸಿಗಿದ ಏಲಕ್ಕಿ ಸುಳಿ, ಅರ್ಧ ತಿಂದು ಬಿಟ್ಟ ಬಾಳೆಗೊನೆ. ಹಿತ್ತಲಿನಲ್ಲಿ ತರಕಾರಿ ಬೆಳೆಯುವುದನ್ನು ಅವರ ಮನೆಯವರು ಬಿಟ್ಟು ವರ್ಷಗಳಾದವು. ಈಗ ಸೌತೆಕಾಯಿಯೂ ಸಂತೆಯಿಂದ ಬರುತ್ತದೆ. ಗರ್ನಾಲು ಹೊಡೆದರು, ನಾಯಿ ಸಾಕಿದರು, ಡಬ್ಬ ಬಡಿದರು. ಮೊದಲ ವಾರ ಓಡಿದ ಮಂಗಗಳು ಎರಡನೇ ವಾರ ಮರದ ಮೇಲೆ ಕೂತು ನೋಡಿದವು. ಇದನ್ನೆಲ್ಲ ಅನುಭವಿಸಿದವರಿಗೆ ಪಟ್ಟಣದಲ್ಲಿ ಕೂತ ನಾನು ಅಹಿಂಸೆಯ ಪಾಠ ಹೇಳುವುದು ಸಲ್ಲ. ಆದರೆ ಅವರು ಕೊಳ್ಳಹೊರಟ ವಸ್ತುವಿನ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳದೆ ಇರುವುದೂ ಸಲ್ಲ.

ಏರ್‌ಗನ್ ಯಾಕೆ ಇಷ್ಟು ಸೆಳೆಯುತ್ತದೆ ಎಂಬುದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳೆ ರಕ್ಷಣೆಯ ಕೋವಿಗೆ ಪರವಾನಗಿ ಬೇಕು, ಅದಕ್ಕೆ ಅರ್ಜಿ, ಪೊಲೀಸ್ ವರದಿ, ನವೀಕರಣದ ಓಡಾಟ. ಚುನಾವಣೆ ಘೋಷಣೆಯಾದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು, ಆ ಚುನಾವಣೆ ಸರಿಯಾಗಿ ಫಸಲಿನ ಸಮಯಕ್ಕೇ ಬಂದರೂ. ಅಜ್ಜನ ಕಾಲದ ಕೋವಿಯ ಲೈಸೆನ್ಸನ್ನು ಮೊಮ್ಮಗನ ಹೆಸರಿಗೆ ಮಾಡಿಸಿಕೊಳ್ಳಲಾಗದೆ ಕೈಬಿಟ್ಟ ಮನೆಗಳು ಬೇಕಾದಷ್ಟಿವೆ. ಏರ್‌ಗನ್ನಿಗೆ ಇದೊಂದೂ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 4.5 ಮಿಲಿಮೀಟರ್ ಮೀರದ, ಗುಂಡಿನ ಶಕ್ತಿ 20 ಜೌಲ್‌ಗಿಂತ ಕಡಿಮೆ ಇರುವ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ. ಗುರುತಿನ ಚೀಟಿ ತೋರಿಸಿ ದುಡ್ಡು ಕೊಟ್ಟರೆ ಮನೆಗೆ ತರಬಹುದು.

ತಪ್ಪು ಶುರುವಾಗುವುದು ಇಲ್ಲಿಂದಲೇ. ಬಂದೂಕು ಇಟ್ಟುಕೊಳ್ಳಲು ಅನುಮತಿ ಬೇಡ ಎಂದರೆ ಅದರಿಂದ ಹೊಡೆಯಲೂ ಅನುಮತಿ ಬೇಡ ಎಂದು ನಾವು ಓದಿಕೊಂಡುಬಿಡುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥ ಬಹಳ ಅಗಲವಾದದ್ದು. ಕೊಲ್ಲುವುದಷ್ಟೇ ಬೇಟೆಯಾಗಬೇಕಿಲ್ಲ, ಗಾಯಗೊಳಿಸುವುದು, ಬಲೆಗೆ ಹಾಕುವುದು, ಕೊನೆಗೆ ಅಂಥ ಪ್ರಯತ್ನ ಮಾಡುವುದೂ ಅದರೊಳಗೆ ಬರುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ನಮ್ಮ ಊರಿನ ಮಂಗ, ತಲೆಯ ಮೇಲೆ ಕೂದಲಿನ ಟೋಪಿ ಇಟ್ಟಂತೆ ಕಾಣುವ ಬಾನೆಟ್ ಮಕಾಕ್, ಒಂದನೇ ಅನುಸೂಚಿಗೆ ಏರಿತು. ಹುಲಿ, ಆನೆ, ನವಿಲು ಇರುವ ಪಟ್ಟಿ ಅದು. ಆ ಪಟ್ಟಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಹಿಂದೆ ಕಾಗೆ, ಬಾವಲಿ, ಇಲಿಗಳನ್ನು ಪೀಡೆ ಎಂದು ಹೆಸರಿಸಿದ್ದ ಐದನೇ ಅನುಸೂಚಿಯನ್ನೇ ಆ ತಿದ್ದುಪಡಿ ತೆಗೆದುಹಾಕಿದೆ. ಕೆಲವು ಸಾವಿರ ರೂಪಾಯಿಯ ಬಂದೂಕಿನ ಬೆಲೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಬೇಕು.

ಸರಿ, ಕಾನೂನನ್ನು ಒಂದು ನಿಮಿಷ ಬದಿಗಿಡೋಣ. ಆ ಬಂದೂಕಿನಿಂದ ಮಂಗನಿಗೆ ಹೊಡೆದರೆ ನಿಜಕ್ಕೂ ಏನಾಗುತ್ತದೆ?

4.5 ಮಿಲಿಮೀಟರಿನ ಸೀಸದ ಪೆಲೆಟ್ ಅರ್ಧ ಗ್ರಾಮಿನ ಆಸುಪಾಸು ತೂಗುತ್ತದೆ. ಅದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ನಳಿಗೆ ಬಿಟ್ಟರೆ ಅದರ ಶಕ್ತಿ 10 ಜೌಲ್. 20 ಜೌಲ್ ಮುಟ್ಟಬೇಕಾದರೆ ವೇಗ 280 ಮೀಟರ್ ದಾಟಬೇಕು. ಲೈಸೆನ್ಸ್ ಬೇಕಾಗುವ ಪಾಯಿಂಟ್ ಟೂ ಟೂ ರೈಫಲ್ಲಿನ ಗುಂಡು ಸುಮಾರು 140 ಜೌಲ್ ಹೊತ್ತು ಹೊರಡುತ್ತದೆ. ಎರಡಕ್ಕೂ ಹೋಲಿಕೆಯೇ ಇಲ್ಲ. ಸೊಂಟ ಸಣ್ಣಗಿದ್ದು ಬಾಲ ಟೊಳ್ಳಾದ ಪೆಲೆಟ್‌ಗೆ ಗಾಳಿಯ ತಡೆ ಹೆಚ್ಚು, ಮೂವತ್ತು ಮೀಟರ್ ಹೋಗುವಷ್ಟರಲ್ಲಿ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತದೆ. ಮಂಗ ಕೂತಿರುವುದು ಅಡಿಕೆ ಮರದ ತುದಿಯಲ್ಲಿ, ಎಲೆಗಳ ಮರೆಯಲ್ಲಿ. ಗಂಡು ಮಂಗ ಐದಾರು ಕಿಲೋ ತೂಗುವ ಪ್ರಾಣಿ. ಆ ಪೆಲೆಟ್ ಅದರ ಚರ್ಮ ಸೀಳಿ ಮಾಂಸದಲ್ಲಿ ಕೂರುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ, ಹೊಟ್ಟೆಗೆ ಬಿದ್ದರೆ ದಿನಗಟ್ಟಲೆ ಕೀವಾಗುತ್ತದೆ. ಸಾಯುವುದು ಅಪರೂಪ. ಮುಂಗೈ ಊದಿಕೊಂಡು ಮೂರು ಕಾಲಿನಲ್ಲಿ ನಡೆಯುತ್ತ, ಹೊಟ್ಟೆಗೆ ಮರಿ ಕಚ್ಚಿಸಿಕೊಂಡು ಬಂದ ಒಂದು ಹೆಣ್ಣು ಮಂಗವನ್ನು ನಾನು ಅದೇ ಊರಿನ ಇನ್ನೊಂದು ತೋಟದಲ್ಲಿ ನೋಡಿದ್ದೇನೆ. ಅದು ಮರ ಹತ್ತಲಾರದೆ ಅಡುಗೆಮನೆಯ ಹಿಂಬಾಗಿಲಿಗೆ ಬರತೊಡಗಿತ್ತು. ಹಿಂಡು ಮಾತ್ರ ಎಂದಿನಂತೆ ಹತ್ತು ಗಂಟೆಗೆ ಬಂದು ಹೋಗುತ್ತಿತ್ತು. ಹೊಡೆತದಿಂದ ಆ ತೋಟಕ್ಕೆ ಉಳಿದ ಅಡಿಕೆ ಎಷ್ಟು ಎಂದು ಕೇಳಿದರೆ ಯಜಮಾನರಲ್ಲಿ ಉತ್ತರವಿರಲಿಲ್ಲ.

ಶಿವಮೊಗ್ಗ ಜಿಲ್ಲೆಯವರಿಗೆ ಇನ್ನೂ ಒಂದು ಮಾತು ನೆನಪಿರಬೇಕು. ಮಂಗನ ಕಾಯಿಲೆಯ ವೈರಸ್ಸಿಗೆ ಹೆಸರು ಬಂದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ, 1957ರಲ್ಲಿ. ಸೋಂಕು ತಗಲಿದ ಮಂಗ ಸತ್ತುಬಿದ್ದಾಗ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲ ನೆಲದಲ್ಲಿ ಹರಡುತ್ತವೆ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ ಎಂದು ಆರೋಗ್ಯ ಇಲಾಖೆಯವರು ಹೇಳುತ್ತ ಬಂದಿರುವುದು ಅದಕ್ಕೇ. ಗಾಯಗೊಂಡ ಮಂಗ ಎಲ್ಲಿ ಹೋಗಿ ಸಾಯುತ್ತದೆ ಎಂಬುದು ಹೊಡೆದವನಿಗೆ ಗೊತ್ತಾಗುವುದಿಲ್ಲ. ಸೊಪ್ಪಿನಬೆಟ್ಟದಲ್ಲಿ ದರಕು ಗುಡಿಸುವ ಹೆಂಗಸಿಗೆ ಗೊತ್ತಾಗಬಹುದು.

ಇಷ್ಟು ಹೇಳಿದ ಮೇಲೆ ಏರ್‌ಗನ್ನೇ ಕೆಟ್ಟದ್ದು ಎಂದು ತೀರ್ಪು ಕೊಡುವುದು ಸುಲಭ. ನನ್ನ ಅಭಿಪ್ರಾಯ ಹಾಗಿಲ್ಲ. ಇಲಿಯ ವಿಷಯದಲ್ಲಿ ಈ ಬಂದೂಕಿನ ಪರವಾಗಿ ಗಂಭೀರವಾದ ವಾದವಿದೆ, ಅದನ್ನು ಮಾಡಲೇಬೇಕು.

ಇಲಿಯನ್ನು ಕೊಲ್ಲಲು ನಾವು ಸಾಮಾನ್ಯವಾಗಿ ಬಳಸುವ ಎರಡು ದಾರಿಗಳನ್ನು ನೋಡಿ. ಒಂದು, ಅಂಟಿನ ಹಲಗೆ. ಅದಕ್ಕೆ ಸಿಕ್ಕ ಇಲಿ ತನ್ನ ಚರ್ಮ ತಾನೇ ಕಿತ್ತುಕೊಳ್ಳುತ್ತ ರಾತ್ರಿಯಿಡೀ ಕಿರುಚುತ್ತದೆ. ಬೆಳಿಗ್ಗೆ ಹಲಗೆ ಸಮೇತ ಚರಂಡಿಗೆ. ಇನ್ನೊಂದು, ಬ್ರೋಮಾಡಿಯೋಲೋನ್‌ನಂಥ ವಿಷದ ಬಿಲ್ಲೆ. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆದು, ಒಳಗೇ ರಕ್ತ ಸೋರಿಸಿ, ಮೂರು ನಾಲ್ಕು ದಿನ ತೆಗೆದುಕೊಂಡು ಕೊಲ್ಲುತ್ತದೆ. ಆ ದಿನಗಳಲ್ಲಿ ಮಂಕಾಗಿ ಓಡಾಡುವ ಇಲಿಯನ್ನು ಗೂಬೆ ಹಿಡಿದರೆ ಗೂಬೆಗೂ ವಿಷ, ಬೆಕ್ಕು ಹಿಡಿದರೆ ಬೆಕ್ಕಿಗೂ ವಿಷ. ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಹತ್ತು ಮೀಟರಿನಿಂದ ತಲೆಗೆ ಸರಿಯಾಗಿ ಬಿದ್ದ ಪೆಲೆಟ್ ಎಷ್ಟೋ ಕರುಣೆಯ ಸಾವು. ಇನ್ನೂರು ಮುನ್ನೂರು ಗ್ರಾಮ್ ತೂಕದ ಪ್ರಾಣಿಗೆ ಹತ್ತು ಜೌಲ್ ಧಾರಾಳ ಸಾಕು. ಇಲಿ ಜ್ವರ ನಮ್ಮ ಕರಾವಳಿ ಮಲೆನಾಡಿಗೆ ಹೊಸದಲ್ಲ. ಕೊಟ್ಟಿಗೆಯ ಇಲಿ ಹೆಗ್ಗಣಗಳನ್ನು ಕಡಿಮೆ ಮಾಡುವುದು ಮನೆಯವರ ಆರೋಗ್ಯದ ಪ್ರಶ್ನೆಯೂ ಹೌದು.

ಆದರೆ ಈ ವಾದ ನಿಂತಿರುವುದು "ತಲೆಗೆ ಸರಿಯಾಗಿ ಬಿದ್ದ" ಎಂಬ ಮಾತಿನ ಮೇಲೆ. ಇಲಿಯ ತಲೆಯಲ್ಲಿ ಪೆಲೆಟ್ ಬೀಳಬೇಕಾದ ಜಾಗ ಒಂದು ರೂಪಾಯಿ ನಾಣ್ಯದಷ್ಟೂ ಇಲ್ಲ. ಹಾಗಾಗಿ ಬಂದೂಕು ಕೊಳ್ಳುವವನು ಮೊದಲು ಕೇಳಬೇಕಾದದ್ದು ಇದು ಎಷ್ಟು ಜೋರಾಗಿ ಹೊಡೆಯುತ್ತದೆ ಎಂದಲ್ಲ, ಹೊಡೆದ ಕಡೆಗೇ ಮತ್ತೆ ಮತ್ತೆ ಹೊಡೆಯುತ್ತದೆಯೇ ಎಂದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಸ್ಪರ್ಧೆಯಲ್ಲಿ ಬಳಸುವುದೂ ಇದೇ 4.5 ಮಿಲಿಮೀಟರಿನ ಪೆಲೆಟ್. ಆ ಸ್ಪರ್ಧಾ ರೈಫಲ್‌ಗಳ ಶಕ್ತಿ ಸಾಮಾನ್ಯವಾಗಿ ಏಳೆಂಟು ಜೌಲ್, ಅಂಗಡಿಯವನು "ಪವರ್ ಇಲ್ಲ ಸಾರ್" ಎಂದು ಬದಿಗೆ ಸರಿಸುವಷ್ಟು. ಗುರಿಕಾರ್ಡಿನ ನಡುವಿನ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ನಾನು ಆ ಕ್ರೀಡೆಯಿಂದ ಕಲಿತ ಒಂದೇ ಪಾಠವೆಂದರೆ, ಬಂದೂಕಿನ ಜೋರು ಗುರಿಯ ಕೊರತೆಯನ್ನು ತುಂಬಿಕೊಡುವುದಿಲ್ಲ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ "ಸೆಕೆಂಡಿಗೆ 1000 ಅಡಿ" ಎಂದು ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ. ಆ ಅಂಕಿಯನ್ನು ಸಾಮಾನ್ಯವಾಗಿ ತೀರ ಹಗುರ ಪೆಲೆಟ್ ಹಾಕಿ ಅಳೆದಿರುತ್ತಾರೆ. ಶಬ್ದದ ವೇಗಕ್ಕೆ ಹತ್ತಿರವಾದಂತೆ ಪೆಲೆಟ್ ಓಲಾಡುತ್ತದೆ, ಗುರಿ ಚದುರುತ್ತದೆ. ಕಡಿಮೆ ಬೆಲೆಯಲ್ಲಿ ಸಿಗುವ ಬಹುಪಾಲು ಬಂದೂಕುಗಳು ನಳಿಗೆ ಮುರಿದು ಸ್ಪ್ರಿಂಗ್ ಒತ್ತುವ ಜಾತಿಯವು. ಜರ್ಮನಿಯ ಡಯಾನಾ 35 ಮಾದರಿಯನ್ನು ಅನುಸರಿಸಿ ನಮ್ಮಲ್ಲೂ ದಶಕಗಳಿಂದ ಅಂಥವನ್ನು ಮಾಡುತ್ತ ಬಂದಿದ್ದಾರೆ. ಅವುಗಳಲ್ಲಿ ಗಟ್ಟಿಯಾದವು, ಬಾಳಿಕೆ ಬರುವವು ಇವೆ. ಆದರೆ ಈ ಜಾತಿಯ ಬಂದೂಕಿಗೆ ಒಂದು ಸ್ವಭಾವವಿದೆ. ಕುದುರೆ ಎಳೆದ ತಕ್ಷಣ ಭಾರದ ಪಿಸ್ಟನ್ ಮುಂದಕ್ಕೆ ಧಾವಿಸುತ್ತದೆ, ಬಂದೂಕು ಹಿಂದಕ್ಕೆ ಒದೆಯುತ್ತದೆ, ಆಮೇಲೆ ಮುಂದಕ್ಕೆ. ಇದೆಲ್ಲ ಶುರುವಾಗುವುದು ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ. ಬಿಗಿಯಾಗಿ ಹಿಡಿದವನಿಗೆ ಒಂದೊಂದು ಸಲ ಒಂದೊಂದು ಕಡೆ ಬೀಳುತ್ತದೆ. ಎಡ ಅಂಗೈ ಮೇಲೆ ಸುಮ್ಮನೆ ಒರಗಿಸಿ, ಅದು ತನ್ನಷ್ಟಕ್ಕೆ ಒದೆಯಲು ಬಿಟ್ಟವನಿಗೆ ಒಂದೇ ಕಡೆ ಬೀಳುತ್ತದೆ. ಇದು ಕೈಗೆ ಹತ್ತಲು ತಿಂಗಳುಗಳು ಬೇಕು. ಅಗ್ಗದ ದುರ್ಬೀನನ್ನು ಇದರ ಮೇಲೆ ಕೂರಿಸಿದರೆ ಆ ಎರಡು ದಿಕ್ಕಿನ ಒದೆತಕ್ಕೆ ಅದರ ಒಳಗಿನ ಗಾಜು ಸಡಿಲವಾಗುತ್ತದೆ. ಅದಕ್ಕಿಂತ ಬಂದೂಕಿನದೇ ಕಬ್ಬಿಣದ ಗುರಿಕಣ್ಣು ವಾಸಿ. ನಳಿಗೆ ಮುರಿದಿರುವಾಗ ಕೈ ತಪ್ಪಿ ಕುದುರೆ ಒತ್ತಿದರೆ ಅದು ಬಡಿದು ಮುಚ್ಚಿಕೊಂಡು ಬೆರಳನ್ನು ಜಜ್ಜುತ್ತದೆ, ಇದನ್ನು ಮನೆಯ ಹುಡುಗರಿಗೆ ಮೊದಲೇ ಹೇಳಿರಬೇಕು.

ಬಂದೂಕಿನ ಮೇಲೆ ಉಳಿಸಿದ ದುಡ್ಡನ್ನು ಒಳ್ಳೆಯ ಪೆಲೆಟ್ ಮೇಲೆ ಹಾಕಿ ಎನ್ನುವುದು ನನ್ನ ಖಚಿತ ಸಲಹೆ. ಅಗ್ಗದ ಡಬ್ಬಿಯಲ್ಲಿ ಒಂದು ಪೆಲೆಟ್ ಇನ್ನೊಂದರಂತೆ ಇರುವುದಿಲ್ಲ, ಬಾಲ ಜಜ್ಜಿದವೂ ಸಿಗುತ್ತವೆ. ಎರಡು ಮೂರು ಬಗೆಯವನ್ನು ತಂದು, ಹತ್ತು ಮೀಟರಿನಲ್ಲಿ ಕಾರ್ಡಿಗೆ ಹತ್ತತ್ತು ಹೊಡೆದು, ಯಾವುದು ಗುಂಪಾಗಿ ಬೀಳುತ್ತದೋ ಅದನ್ನೇ ಇಟ್ಟುಕೊಳ್ಳುವುದು. ಹತ್ತಕ್ಕೆ ಹತ್ತೂ ನಾಣ್ಯದೊಳಗೆ ಬೀಳುವವರೆಗೆ ಜೀವವಿರುವ ಯಾವುದಕ್ಕೂ ಹೊಡೆಯಬಾರದು. ಐನೂರು ಪೆಲೆಟ್ ಬೇಕಾಗಬಹುದು, ಸಾವಿರವೂ ಬೇಕಾಗಬಹುದು. ಸೀಸ ಮುಟ್ಟಿದ ಕೈ ತೊಳೆದೇ ಊಟಕ್ಕೆ ಕೂರಬೇಕು. ಹೊಡೆದ ಇಲಿಯನ್ನು ಬಯಲಿಗೆ ಎಸೆಯದೆ ಹೂಳಬೇಕು, ಪೆಲೆಟ್ ಸಮೇತ ತಿಂದ ಹದ್ದಿಗೂ ನಾಯಿಗೂ ಸೀಸ ವಿಷವೇ. ಅಟ್ಟದ ಇಲಿಗೆ ಕೆಳಗಿನಿಂದ ಮೇಲಕ್ಕೆ ಹೊಡೆಯುವುದಂತೂ ಕೂಡದು. ತಪ್ಪಿದರೆ ಹೆಂಚು ಒಡೆಯುತ್ತದೆ, ಕಲ್ಲುಗೋಡೆಗೆ ತಾಗಿದರೆ ತಿರುಗಿ ಬರುತ್ತದೆ. ಗುರಿಯ ಹಿಂದೆ ಮಣ್ಣೋ ಮರಳ ಚೀಲವೋ ಇರಲೇಬೇಕು.

ಇಷ್ಟೆಲ್ಲ ಮಾಡಿ ವಾರಕ್ಕೆ ಎರಡು ಇಲಿ ಹೊಡೆದಿರಿ ಎನ್ನೋಣ. ಹೆಣ್ಣಿಲಿ ಮೂರು ವಾರಕ್ಕೆ ಹತ್ತಿರ ಗರ್ಭ ಹೊತ್ತು ಒಂದು ಸೂಲಿಗೆ ಆರೆಂಟು ಮರಿ ಹಾಕುತ್ತದೆ. ಭತ್ತದ ಚೀಲ ಅಟ್ಟದ ಮೇಲೆ ಬಾಯಿಬಿಟ್ಟು ಕೂತಿರುವವರೆಗೆ ಲೆಕ್ಕದಲ್ಲಿ ಗೆಲ್ಲುವುದು ಇಲಿಯೇ. ಕಾಳನ್ನು ತಗಡಿನ ಡ್ರಮ್ಮಿಗೆ ಹಾಕುವುದು, ಬೆರಳು ತೂರುವಷ್ಟು ಸಂದಿಯನ್ನೂ ಸಿಮೆಂಟಿನಿಂದ ಮುಚ್ಚುವುದು, ತೆಂಗಿನ ಮರಕ್ಕೆ ಆಳೆತ್ತರದಲ್ಲಿ ತಗಡಿನ ಪಟ್ಟಿ ಸುತ್ತುವುದು, ಕೊಕ್ಕೋ ಹಣ್ಣನ್ನು ಮರದಲ್ಲೇ ಬಿಡದೆ ಹಣ್ಣಾದಂತೆ ಕೊಯ್ಯುವುದು, ಇವು ಬಂದೂಕಿಗಿಂತ ಅಗ್ಗ, ಬಂದೂಕಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಕೇರೆ ಹಾವು ಕಂಡ ಕೂಡಲೇ ದೊಣ್ಣೆ ಹುಡುಕುವ ಮನೆಯವರು ಇಲಿ ಹೆಚ್ಚಾಯಿತು ಎಂದು ಗೊಣಗುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ರಾತ್ರಿಯಿಡೀ ಪುಕ್ಕಟೆ ದುಡಿಯುವ ಕಣಜ ಗೂಬೆಯನ್ನು ಅಪಶಕುನವೆಂದು ಓಡಿಸುವವರೂ ಅವರೇ. ಬಂದೂಕು ಇವೆಲ್ಲದರ ಕೊನೆಗೆ ಬರಬೇಕು, ಮುಚ್ಚಿದ ಮನೆಯೊಳಗೆ ಉಳಿದುಬಿಟ್ಟ ಒಂದೆರಡು ಹಟಮಾರಿ ಹೆಗ್ಗಣಗಳಿಗಾಗಿ.

ನಮ್ಮ ಹುಡುಗರು ಇದನ್ನು ಹಾಗೆ ನೋಡುತ್ತಿಲ್ಲ. ಮೊಬೈಲಿನಲ್ಲಿ ಇಂಗ್ಲೆಂಡ್, ಅಮೆರಿಕದ ಹಿತ್ತಲುಗಳ ವಿಡಿಯೊ ನೋಡಿ ಆಸೆ ಪಡುತ್ತಾರೆ. ಬಂದೂಕಿನ ಜೊತೆಗೆ ಪೀಡೆ ಎಂಬ ಪದವೂ ಅಲ್ಲಿಂದಲೇ ಇಳಿದು ಬರುತ್ತದೆ. ಇಂಗ್ಲೆಂಡಿನಲ್ಲಿ ಬೂದು ಅಳಿಲಿಗೆ ಹೊಡೆಯುತ್ತಾರೆ ನಿಜ. ಅದು ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ತಂದು ಬಿಟ್ಟ ಪ್ರಾಣಿ, ಅಲ್ಲಿನ ಕೆಂಪು ಅಳಿಲಿನ ಬದುಕನ್ನೇ ಕಸಿದುಕೊಂಡದ್ದು. ಅಮೆರಿಕದಲ್ಲಿ ಗುಬ್ಬಚ್ಚಿಗೆ ಹೊಡೆಯುತ್ತಾರೆ, ಅಲ್ಲಿ ಗುಬ್ಬಚ್ಚಿ ಹೊರಗಿನಿಂದ ಬಂದ ಹಕ್ಕಿ. ಅದೇ ಗುಬ್ಬಚ್ಚಿಗಾಗಿ ನಾವು ಮಾರ್ಚ್ 20ರಂದು ದಿನ ಆಚರಿಸಿ ಜಗಲಿಗೆ ಗೂಡು ಕಟ್ಟುತ್ತೇವೆ. ನಮ್ಮ ಹಿತ್ತಲಿನ ಅಳಿಲು, ಗಿಳಿ, ಬಾವಲಿ, ಮಂಗ ಎಲ್ಲವೂ ಈ ನೆಲದವೇ. ಬಾನೆಟ್ ಮಂಗವಂತೂ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲ. ಏರ್‌ಗನ್ ಮನೆಮನೆಗೆ ತಲುಪಿದರೆ ಏನಾಗುತ್ತದೆ ಎಂಬುದನ್ನು ಅರುಣಾಚಲ ಪ್ರದೇಶ ಕಂಡಿದೆ. ಕಾಡಿನಲ್ಲಿ ಹಕ್ಕಿಯ ದನಿ ಕಡಿಮೆಯಾದ ಮೇಲೆ 2021ರಲ್ಲಿ ಅಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು, ಮೊದಲ ವರ್ಷದಲ್ಲೇ 1,600ಕ್ಕೂ ಹೆಚ್ಚು ಬಂದೂಕುಗಳನ್ನು ಜನ ತಾವಾಗಿ ತಂದುಕೊಟ್ಟರು. ಆ ಬಂದೂಕುಗಳೂ ಯಾರದೋ ಹಿತ್ತಲಿಗೆಂದು ಕೊಂಡವೇ ಇದ್ದಿರಬೇಕು. ಕೈಯಲ್ಲಿದ್ದ ಬಂದೂಕು ಗುರಿ ಹುಡುಕುತ್ತದೆ. ಇಲಿ ಸಿಗದ ಸಂಜೆ ಪಿಕಳಾರ ಸಿಗುತ್ತದೆ.

ಹಾಗಾದರೆ ಮಂಗಕ್ಕೆ ಏನು ಮಾಡಬೇಕು ಎಂದು ನೆಂಟರು ಕೇಳಿದರು. ಇಲ್ಲಿ ನನ್ನ ಸಿಟ್ಟು ಅವರ ಮೇಲಿಲ್ಲ. ಮಂಗವನ್ನು ಒಂದನೇ ಅನುಸೂಚಿಗೆ ಏರಿಸಿದ ವ್ಯವಸ್ಥೆ, ಆ ರಕ್ಷಣೆಯ ಖರ್ಚನ್ನು ಎರಡು ಎಕರೆ ತೋಟದವನ ತಲೆಗೆ ಕಟ್ಟಿ ಸುಮ್ಮನಾಗುವುದು ಅನ್ಯಾಯ. ಹಿಮಾಚಲ ಪ್ರದೇಶ 2006-07ರಿಂದ ಮಂಗಗಳನ್ನು ಹಿಡಿದು ಸಂತಾನಹರಣ ಮಾಡಿಸುತ್ತ ಬಂದಿದೆ, ಸಂಖ್ಯೆ ಒಂದೂವರೆ ಲಕ್ಷ ದಾಟಿದೆ. ಅದೇ ರಾಜ್ಯದಲ್ಲಿ 2016ರಲ್ಲಿ ಮಂಗವನ್ನು ಪೀಡೆ ಎಂದು ಘೋಷಿಸಿ ಕೊಲ್ಲಲು ಬಿಟ್ಟಾಗ ಜನ ಕೊಲ್ಲಲು ಮುಂದೆ ಬರಲಿಲ್ಲ. ಹನುಮನ ಗುಡಿಗೆ ಕೈಮುಗಿಯುವ ಕೈ ಅದಕ್ಕೆ ಏಳುವುದಿಲ್ಲ. ನಮ್ಮಲ್ಲಿ ಶಿವಮೊಗ್ಗದ ರೈತರು ಹೋರಾಡಿದ ಮೇಲೆ ಮಂಕಿ ಪಾರ್ಕ್ ಎಂಬ ಮಾತು ಬಂತು, ಜಾಗದ ಹೆಸರೂ ಕೇಳಿಬಂತು, ಆ ಜಾಗದವರು ಬೇಡವೆಂದರು. ಒಂದೂರಿನ ಮಂಗವನ್ನು ಹಿಡಿದು ಇನ್ನೊಂದೂರಿನ ಅಂಚಿನಲ್ಲಿ ರಾತ್ರೋರಾತ್ರಿ ಬಿಡುವುದು ನಡೆದೇ ಇದೆ. ಅಸಹಾಯಕತೆ ಎಲ್ಲಿಗೆ ಮುಟ್ಟಬಹುದು ಎಂಬುದನ್ನು 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿಯ ರಸ್ತೆ ಬದಿ ತೋರಿಸಿತು. ಗೋಣಿಚೀಲಗಳಲ್ಲಿ ಕಟ್ಟಿ ಎಸೆದ 38 ಮಂಗಗಳ ಹೆಣ. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

ತಾಲ್ಲೂಕಿಗೊಂದು ಸಂತಾನಹರಣ ತಂಡ ಬೇಕು, ಅದು ವರ್ಷಗಟ್ಟಲೆ ಬಿಡದೆ ಕೆಲಸ ಮಾಡಬೇಕು. ಮಂಗದಿಂದ ಹೋದ ಮಿಳ್ಳೆಗೂ ಏಲಕ್ಕಿಗೂ ರೈತ ಅಲೆಯದೆ ಪರಿಹಾರ ಸಿಗಬೇಕು. ಕಾಡಿನೊಳಗಿನ ಹಲಸು, ನೇರಳೆ, ಅತ್ತಿಮರಗಳನ್ನು ಕಡಿದು ಅಕೇಶಿಯಾ ನೆಟ್ಟ ಗುಡ್ಡಗಳಲ್ಲಿ ಹಣ್ಣಿನ ಮರ ಮತ್ತೆ ಬರಬೇಕು. ಯಾತ್ರೆಯ ದಾರಿಯಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು ಎಸೆಯುವ ಪಟ್ಟಣಿಗರಿಗೆ ದಂಡ ಬೀಳಬೇಕು, ಮಂಗಕ್ಕೆ ಮನುಷ್ಯನ ಭಯ ಬಿಡಿಸಿದವರಲ್ಲಿ ನಾವೂ ಇದ್ದೇವೆ. ಇದೊಂದೂ ನಾಳೆ ಆಗುವಂಥದ್ದಲ್ಲ ಎಂದು ನೆಂಟರು ಹೇಳಿದರು. ನಿಜ. ಆದರೆ ಏರ್‌ಗನ್ನೂ ನಾಳೆ ಏನನ್ನೂ ಮಾಡುವುದಿಲ್ಲ, ಅದು ಮಾಡಿದಂತೆ ಅನ್ನಿಸುತ್ತದೆ ಅಷ್ಟೇ. ಆ ಅನ್ನಿಸಿಕೆಯಿಂದ ರೈತನ ಸಿಟ್ಟು ತೋಟದಲ್ಲೇ ಖರ್ಚಾಗಿಹೋಗುತ್ತದೆ, ಗ್ರಾಮಸಭೆಯವರೆಗೆ ಬರುವುದಿಲ್ಲ. ಈ ಅಗ್ಗದ ಬಂದೂಕಿನ ಮೇಲೆ ನನ್ನ ದೊಡ್ಡ ತಕರಾರು ಅದು.

ಅವರು ಕೊನೆಗೂ ಒಂದನ್ನು ಕೊಂಡರು. ಸಾಧಾರಣ ಶಕ್ತಿಯದು, ಕಬ್ಬಿಣದ ಗುರಿಕಣ್ಣಿನದು, ಹೆಗ್ಗಣಕ್ಕೆ ಮಾತ್ರ ಎಂದು ಮಾತು ಕೊಟ್ಟ ಮೇಲೆ ನಾನೇ ಆರಿಸಿಕೊಟ್ಟದ್ದು. ಅದರ ಜೊತೆಗೆ ತಗಡಿನ ಡ್ರಮ್ ಎರಡು ತಂದರು, ಪಂಚಾಯಿತಿಗೆ ಮಂಗದ ಬಗ್ಗೆ ನಲವತ್ತು ಮನೆಯವರ ಸಹಿಯ ಅರ್ಜಿ ಕೊಟ್ಟರು. ಮೊನ್ನೆ ವಾಟ್ಸ್ಆ್ಯಪ್‌ನಲ್ಲಿ ಗುರಿಕಾರ್ಡಿನ ಫೋಟೊ ಬಂತು. ಹತ್ತು ಮೀಟರಿನಿಂದ ಹತ್ತು ಹೊಡೆತ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟಿದ್ದರು. ಆರು ರಂಧ್ರ ನಾಣ್ಯದಡಿ, ನಾಲ್ಕು ಹೊರಗೆ. ಇನ್ನೂ ಕೊಟ್ಟಿಗೆಗೆ ಒಯ್ಯಬೇಡಿ ಎಂದು ಬರೆದು ಕಳಿಸಿದೆ.